ಅವೇರೊ ಎಂದು ಕರೆದವರು ಯಾರು

ಇಬಾದಾನ್ ನಗರದ ಓಕೆ-ಆದೊ ಏರಿನಲ್ಲಿ ಗೆಣಸಿನ ಹಿಟ್ಟಿನ ಅಮಲಾ ಮುದ್ದೆಯ ಹೋಟೆಲು ನಡೆಸುತ್ತಿದ್ದ ಇಬಿದುನ್‌ಳ ಗಂಟಲಲ್ಲಿ ಎಷ್ಟು ಜನ ವಾಸವಾಗಿದ್ದರೋ ಅವಳಿಗೇ ಗೊತ್ತಿರಲಿಲ್ಲ. ಹಸಿದು ಬಂದ ಗಿರಾಕಿಗಳು ಮುದ್ದೆ ಬರುವ ತನಕ ಬೆಂಚಿನ ಮೇಲೆ ಸುಮ್ಮನೆ ಕೂರಲಾರದೆ ಅವಳನ್ನು ಕೆಣಕುತ್ತಿದ್ದರು.

"ಇಯಾ ತಿನು, ನಮ್ಮತ್ತೆ ಬೈಯೋ ಹಾಗೆ ಒಂದ್ಸಲ ಬೈದು ತೋರಿಸಿ ನೋಡೋಣ!" ಎನ್ನುವನು ಗ್ಯಾರೇಜಿನ ಲಮಿದಿ. ಇಯಾ ತಿನು ಎಂದರೆ ತಿನುವಿನ ತಾಯಿ. ಮಗಳು ತಿನುವೊಲಾ ಹುಟ್ಟಿದ ಮೇಲೆ ಅವಳನ್ನು ಇಬಿದುನ್ ಎಂದು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಅವಳು ಪಾತ್ರೆಯಿಂದ ಕಣ್ಣೆತ್ತುತ್ತಲೂ ಇರಲಿಲ್ಲ. "ಏನೋ ಲಮಿದಿ, ನನ್ನ ಮಗಳ ಮೈಗೆಲ್ಲ ಗ್ರೀಸು ಹಚ್ಚೋಕೇ ಮದುವೆ ಆದ್ಯೇನೋ?" ಎಂದುಬಿಡುವಳು. ಅದೇ ಅತ್ತೆ, ಅದೇ ಕೀರಲು, ಅದೇ ಕೊನೆಯ ಎಳೆತ! ಲಮಿದಿಯ ಬಾಯಲ್ಲಿದ್ದ ನೀರು ಮೂಗಿಗೇರುವುದು. ಗೊತ್ತಿದ್ದೂ ಗೊತ್ತಿದ್ದೂ ಅವನು ಬಾಗಿಲ ಕಡೆ ತಿರುಗಿ ನೋಡುವನು.

"ತಿರುಗಿದ, ತಿರುಗಿದ! ಕಾಡಲ್ಲಿದ್ದಿದ್ರೆ ಇಷ್ಟೊತ್ತಿಗೆ ಹೋಗ್ಬಿಡ್ತಿದ್ಲು ಇವ್ನ ಹೆಂಡ್ತಿ!" ಎಂದು ಬೆಂಚಿಗೆ ಬೆಂಚೇ ನಗುವುದು.

ಕಾಡು ಎಂದರೆ ಯಾವ ಕಾಡು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಪುಸ್ತಕ ಓದದವರು, ಇಲ್ಲವೇ ಓದಿದ್ದನ್ನು ಕೇಳದವರು, ಆ ಬೀದಿಯಲ್ಲಿ ಇರಲೇ ಇಲ್ಲ.

ಇಬಿದುನ್ ಹರೆಯದಲ್ಲಿ ಊರೂರು ತಿರುಗುವ ನಾಟಕ ಕಂಪನಿಯಲ್ಲಿದ್ದವಳು. ಒಂದು ದಿನವೂ ರಂಗದ ಮೇಲೆ ಬಂದವಳಲ್ಲ. ಪರದೆಯ ಹಿಂದೆ ನಿಂತು ಅಳುವ ಕೂಸಾಗುವಳು, ಭವಿಷ್ಯ ನುಡಿಯುವ ಮರವಾಗುವಳು, ಸತ್ತ ಸವತಿಯಾಗುವಳು, ಕೆಮ್ಮುವ ರಾಜನೂ ಆಗುವಳು. ಕಂಪನಿಯ ಡೋಲು ಬಾರಿಸುವವನನ್ನೇ ಮದುವೆಯಾದಳು, ತಿನುವೊಲಾ ಇನ್ನೂ ಚಿಕ್ಕವಳಿರುವಾಗಲೇ ಅವನು ಜ್ವರದಲ್ಲಿ ಹೋದ. ಆಮೇಲೆ ವಿಡಿಯೊ ಕ್ಯಾಸೆಟ್ಟುಗಳು ಬಂದವು, ಜನ ಮನೆಯಲ್ಲೇ ಕೂತು ನೋಡತೊಡಗಿದರು, ಕಂಪನಿ ಬಾಗಿಲು ಹಾಕಿತು. ಇಬಿದುನ್ ಒಲೆ ಹಚ್ಚಿದಳು.

ಆದರೆ ಸಿನಿಮಾದವರು ಅವಳ ಗಂಟಲನ್ನು ಬಿಡಬೇಕಲ್ಲ! ಶೂಟಿಂಗಿನ ನಡುವೆ ಕರೆಂಟು ಹೋಗುವುದು, ಜನರೇಟರು ಹಾಕುವರು, ಕೊನೆಗೆ ನೋಡಿದರೆ ನಾಯಕಿ ಬಾಯಿ ಬಿಟ್ಟಲ್ಲೆಲ್ಲ ಗುಡುಗುಡು ಸದ್ದು. ಆಗ ಇಬಿದುನ್‌ಗೆ ಹೇಳಿ ಕಳಿಸುವರು. ಪರದೆಯ ಮೇಲಿನ ಬಾಯನ್ನೇ ದಿಟ್ಟಿಸುತ್ತ, ಆ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಮಾತನ್ನು ಆ ಮುಖಕ್ಕೆ ಹೊಂದಿಸಬೇಕು. ಈ ಕೆಲಸವನ್ನು ಅವಳು "ತುಟಿ ಕಟ್ಟೋದು" ಎನ್ನುತ್ತಿದ್ದಳು. "ಮುಖ ಇಲ್ದೆ ಇರೋ ಮಾತು ಒಳ್ಳೇದಲ್ಲ. ಅದನ್ನ ಒಂದು ಮುಖಕ್ಕೆ ಕಟ್ಟಿ ಹಾಕಬೇಕು" ಎನ್ನುವಳು. ಸಿನಿಮಾದ ಹುಡುಗಿಯರು ಇದನ್ನು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಆ ಪುಸ್ತಕ, 'ಬೆನ್ನ ಹಿಂದಿನ ಕಾಡು'. ಯಾವುದೋ ಹಳ್ಳಿಶಾಲೆಯ ಮೇಷ್ಟ್ರು ಬರೆದದ್ದು, ಬರೆದವರು ತೀರಿಹೋಗಿ ಎಷ್ಟೋ ಕಾಲವಾಗಿದ್ದರೂ ಪುಸ್ತಕ ಮಾತ್ರ ಮನೆಮನೆಯಲ್ಲಿ ರಟ್ಟು ಹರಿದು, ದಾರ ಹಾಕಿಸಿಕೊಂಡು, ಮತ್ತೆ ಹರಿದು ಬದುಕಿತ್ತು. ಬೇಟೆಗೆ ಹೋದ ಗಂಡನನ್ನು ಹುಡುಕಿಕೊಂಡು ಹೆಂಡತಿಯೊಬ್ಬಳು ಕಾಡಿಗೆ ಹೋಗುತ್ತಾಳೆ. ಅಲ್ಲಿ ಮಾತಾಡುವ ಹುತ್ತಗಳಿವೆ, ನೆರಳು ಮಾರುವ ಮುದುಕಿಯರಿದ್ದಾರೆ, ಇದಕ್ಕೆಲ್ಲ ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಆದರೆ ಚಪ್ಪಾಳೆ ನಿಂತುಹೋಗುವುದು 'ಹಿಂದಿನದು' ಬಂದಾಗ. ಅದು ಹೇಗಿದೆ ಎಂದು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ನಮಗೆ ತುಂಬ ಬೇಕಾದವರ ದನಿಯಲ್ಲಿ ಅದು ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟರೆ ಓಗೊಟ್ಟವರನ್ನು ಏನೂ ಮಾಡುವುದಿಲ್ಲ. ಅವರಿಗೆ ಎಲ್ಲರಿಗಿಂತ ಹತ್ತಿರವಿರುವ ಒಬ್ಬರನ್ನು ಒಯ್ಯುತ್ತದೆ.

ಮೇಷ್ಟ್ರು ಎಂಥ ಘಾಟಿ ಎಂದರೆ ಇಡೀ ಪುಸ್ತಕದಲ್ಲಿ ಆ ಹೆಂಗಸಿಗೆ ಹೆಸರೇ ಇಟ್ಟಿಲ್ಲ! 'ಆಗ ಅದು ನನ್ನ ಹೆಸರು ಕರೆಯಿತು' ಎಂದಷ್ಟೇ ಬರೆದಿದ್ದಾರೆ.

ಇಬಿದುನ್‌ಳ ತಾಯಿ ಸಂಜೆ ಅಂಗಳದಲ್ಲಿ ಕೂತು ನೆರೆಹೊರೆಗೆಲ್ಲ ಪುಸ್ತಕ ಓದಿ ಹೇಳುವಾಗ, ಆ ಸಾಲು ಮುಗಿದೊಡನೆ ತುಟಿ ಬಿಗಿದು ಸುಮ್ಮನಾಗುತ್ತಿದ್ದಳು. ಆ ಮೌನ ಬೆಳೆಯುತ್ತ ಹೋಗುವುದು. ಹೊಲಿಯುತ್ತಿದ್ದವರ ಸೂಜಿ ನಿಲ್ಲುವುದು. ಪ್ರತಿಯೊಬ್ಬರಿಗೂ ಅದರೊಳಗೆ ತಮ್ಮ ತಮ್ಮ ಹೆಸರೇ ಕೇಳಿಸುವುದು. ಒಂದು ಸಂಜೆ ಪುಟ್ಟ ಇಬಿದುನ್ ತಡೆಯಲಾರದೆ "ಮಾ!" ಎಂದುಬಿಟ್ಟಿದ್ದಳು. ದೊಡ್ಡ ಹೆಂಗಸರು ಕರೆದರೆ ಅಲ್ಲಿಯ ಹೆಣ್ಣುಮಕ್ಕಳು "ಮಾ!" ಎಂದು ಓಗೊಡಬೇಕು. ಕರೆ ಕಿವಿಗೆ ಬೀಳುವುದಕ್ಕೂ ಬಾಯಿಂದ "ಮಾ" ಬರುವುದಕ್ಕೂ ನಡುವೆ ಉಸಿರಾಡಲೂ ಬಿಡುವಿರಬಾರದು. ತಡಮಾಡಿದರೆ ಬೆನ್ನಿಗೆ ಬೀಳುವುದು. ಮಗು ಕಲಿಯುವ ಮೊದಲ ಮರ್ಯಾದೆಯೇ ಅದು.

ತಾಯಿ ಪುಸ್ತಕ ಎಸೆದು ಓಡಿ ಬಂದಿದ್ದಳು. ಮಗಳ ಗಲ್ಲ ಹಿಡಿದು ಎದುರಿಗೆ ಕೂತು, "ನಾನೇ ಕರೆದದ್ದು ಕಣೇ. ನೋಡು ನನ್ನ ಮುಖ. ನಾನೇ ಕರೆದದ್ದು" ಎಂದು ಮತ್ತೆ ಮತ್ತೆ ಹೇಳಿದ್ದಳು. ಕರೆದವರು ಮುಂದೆ ಬಂದು ಮುಖ ತೋರಿಸಿದರೆ ಅದು ಹಿಂದಿನ ಕರೆಯಾಗಿ ಉಳಿಯುವುದಿಲ್ಲ ಎಂಬುದು ಅವಳ ನಂಬಿಕೆ. ಅಷ್ಟು ಹತ್ತಿರ ಬಂದ ಆ ಮುಖ ಇಬಿದುನ್‌ಗೆ ಅಜ್ಜಿಯಾಗುವ ವಯಸ್ಸಿಗೂ ಮರೆತಿರಲಿಲ್ಲ.

ಮತ್ತು ಅಜ್ಜಿಯಾಗುವ ಹೊತ್ತು ಹತ್ತಿರ ಬಂದಿತ್ತು. ತಿನುವೊಲಾಗೆ ಮೊದಲ ಬಸುರು ನಿಲ್ಲಲಿಲ್ಲ. ಎರಡನೆಯದು ಏಳು ತುಂಬಿದೊಡನೆ ಇಬಿದುನ್ ತಾನೇ ಹೋಗಿ ಅಳಿಯನ ಮನೆಯಿಂದ ಅವಳನ್ನು ಕರೆತಂದು, ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಭಾರ ಎತ್ತಬೇಡ, ಹೊಸಿಲ ಮೇಲೆ ಕೂರಬೇಡ, ಮಟಮಟ ಮಧ್ಯಾಹ್ನ ರಸ್ತೆಗೆ ಹೋಗಬೇಡ ಎಂದು ಬೆಳಗಿನಿಂದ ಹಿಂದೆ ಬೀಳುವಳು. ಮಗಳು "ಉಸಿರಾಡ್ಲಾ ಬೇಡ್ವಾ, ಅದನ್ನೂ ಹೇಳ್ಬಿಡು" ಎಂದು ನಗುವಳು.

ಹೀಗಿರುವಾಗ ಒಂದು ದಿನ ಊಟದ ಹೊತ್ತು ಮುಗಿದ ಮೇಲೆ ನಿರ್ದೇಶಕ ಕೊಲಾಪೊ ಬಂದ. ಬಾಗಿಲಲ್ಲೇ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದ, ಮುಖದ ತುಂಬ ಹಲ್ಲು.

"ಅಮ್ಮಾ, 'ಬೆನ್ನ ಹಿಂದಿನ ಕಾಡು' ಸಿನಿಮಾ ಮಾಡ್ಬಿಟ್ಟೆ! ಶೂಟಿಂಗೆಲ್ಲ ಮುಗೀತು. ನಿಮ್ಮ ಗಂಟಲೊಂದು ಬಾಕಿ."

ಬೆಂಚಿನ ಮೇಲಿದ್ದ ಲಮಿದಿ ಕೈ ತೊಳೆಯುವುದನ್ನು ಬಿಟ್ಟು ತಿರುಗಿದ. "ಆ ಪುಸ್ತಕಾನಾ? ಏನೇನು ಹಾಳು ಮಾಡಿದ್ದೀರಿ, ಮೊದಲು ಹೇಳಿ."

"ಹಾಳು ಯಾಕಪ್ಪಾ ಮಾಡ್ಲಿ? ಸ್ವಲ್ಪ ಬದಲಾಯಿಸಿದ್ದೀನಿ, ಅಷ್ಟೆ. ಹೆಂಡ್ತಿ ವಯಸ್ಸು ಕಮ್ಮಿ ಮಾಡಿದ್ದೀನಿ. ಹೊಳೆ ಹತ್ರ ಒಂದು ಹಾಡು. ಕೊನೇಲಿ ಗಂಡ ಸಿಗ್ತಾನೆ."

"ಗಂಡ ಸಿಗ್ತಾನಾ!" ಲಮಿದಿ ತಲೆ ಚಚ್ಚಿಕೊಂಡ. "ಸಿಗಲ್ಲ ಅನ್ನೋದಕ್ಕೇ ಅಲ್ವೇನ್ರೀ ನಮ್ಮಮ್ಮ ಪ್ರತಿ ಸಲ ಅಳ್ತಿದ್ದಿದ್ದು? ನಮ್ಮಮ್ಮನ ಕಣ್ಣೀರನ್ನೆಲ್ಲ ವಾಪಸ್ ಕೊಡ್ತೀರೇನು?"

ಇಬಿದುನ್ ಕೇಳಿದ್ದು ಒಂದೇ ಮಾತು. "ಹಿಂದಿನದನ್ನ ಏನು ಮಾಡಿದೆ?"

"ತೋರಿಸಲ್ಲ ಅಮ್ಮಾ, ನಿಮ್ಮಾಣೆ. ಆದ್ರೆ ಕೇಳಿಸ್ಲೇಬೇಕಲ್ಲ? ಪುಸ್ತಕದಲ್ಲಾದ್ರೆ 'ಕರೆಯಿತು' ಅಂತ ಬರೆದ್ರೆ ಆಯ್ತು. ಸಿನಿಮಾದಲ್ಲಿ ಕೂಗಬೇಕು. ಕೂಗೋಕೆ ಒಂದು ಹೆಸರು ಬೇಕು. ಹಳೇ ಕಾಲದ್ದು, ಮುದ್ದಾದ್ದು ಒಂದು ಹೆಸರಿಟ್ಟಿದ್ದೀನಿ. ಸ್ಟುಡಿಯೊಗೇ ಬನ್ನಿ, ಹೇಳ್ತೀನಿ."

ಮರುದಿನ ಸ್ಟುಡಿಯೊದಲ್ಲಿ ಕೈಗೆ ಕೊಟ್ಟ ಹಾಳೆಯಲ್ಲಿ ಆ ಹೆಸರು ಕಂಡಾಗ ಅವಳು ಹಾಳೆಯನ್ನು ಮಗುಚಿ ಹಿಡಿದಳು. ಅವೇರೊ!

ಹೊರಗಿನವರಿಗೆಲ್ಲ ಮಗಳು ತಿನುವೊಲಾ. ಆದರೆ ಹುಟ್ಟಿದಾಗ ಕಿವಿಯಲ್ಲಿ ಹೇಳಿದ, ತಲೆ ನೇವರಿಸುವಾಗ, ಜ್ವರ ಬಂದಾಗ, ಮನಸ್ಸು ತುಂಬಿ ಬಂದಾಗ ತಾಯಿಯೊಬ್ಬಳೇ ಕರೆಯುವ ಹೆಸರೊಂದಿರುತ್ತದಲ್ಲ, ಮೀಯಿಸಿ ಉಡಿಸಿ ಮುದ್ದು ಮಾಡಿದ ಮಗು ಎಂಬ ಅರ್ಥದ್ದು, ಅದು ಅವೇರೊ. ಬೇರೆ ಮನೆಗಳಲ್ಲೂ ಅವೇರೊಗಳಿದ್ದಾರು. ಇಬಿದುನ್‌ಗೆ ಜಗತ್ತಿನಲ್ಲಿ ಇದ್ದದ್ದು ಒಬ್ಬಳೇ.

"ಈ ಹೆಸರು ಬೇಡ. ಬದಲಾಯಿಸು."

"ಅಯ್ಯೋ ಹ್ಯಾಗಮ್ಮಾ? ಹೀರೋಯಿನ್ನು ಎಲ್ಲಾ ಸೀನಲ್ಲೂ 'ನಾನು ಅವೇರೊ' ಅಂದಿದ್ದಾಳೆ. ತುಟಿ ಹಾಗೇ ಇದೆ. ತುಟಿ ವಿಷಯ ನಿಮಗೆ ನಾನು ಹೇಳ್ಬೇಕಾ?"

ತುಟಿಯ ಮಾತು ಬಂದ ಮೇಲೆ ಅವಳಿಗೆ ಎದುರಾಡಲು ಬರಲಿಲ್ಲ. ಬರುತ್ತೇನೆಂದು ಒಪ್ಪಿದ್ದೂ ಆಗಿತ್ತು. ಬೇಕೆಂದೇ ದನಿ ಕೆಡಿಸಿ ಕರೆದಳು, ಸತ್ತ ಸವತಿಯ ದನಿ, ಕೆಮ್ಮುವ ರಾಜನ ದನಿ. ಗಾಜಿನ ಆಚೆಯಿಂದ ಕೊಲಾಪೊ ತಲೆಯಾಡಿಸುತ್ತಲೇ ಇದ್ದ.

"ಅಂಗಡಿ ಬೋರ್ಡು ಓದಿದ ಹಾಗಿದೆ ಅಮ್ಮಾ. ಹೆದರಿಸ್ಬೇಡಿ. ಪ್ರೀತಿಯಿಂದ ಕರೀರಿ. ನಿಮ್ಮ ಮಗಳನ್ನೇ ಕರೀತೀರಿ ಅಂದ್ಕೊಳ್ಳಿ."

ಎಷ್ಟು ಸಲ ತಪ್ಪಿಸಿಕೊಂಡಾಳು? ಒಮ್ಮೆ ಸಾಕಾಗಿ ಕಣ್ಣು ಮುಚ್ಚಿದಳು, ಕಣ್ಣೊಳಗೆ ಮಗಳು ಬಂದಳು, ಬಾಯಿ ತನ್ನಷ್ಟಕ್ಕೆ ತೆರೆಯಿತು. "ಅವೇರೋ..." ಕೊನೆಯ ಎಳೆತದಲ್ಲಿ ಒಲೆಯ ಹೊಗೆ, ಸಂಜೆಯ ಅಂಗಳ, ಬಾ ಮಗಳೇ ಊಟಕ್ಕೆ ಎಂಬ ಕಕ್ಕುಲತೆ ಎಲ್ಲ ಇತ್ತು. ಗಾಜಿನ ಆಚೆ ಎಲ್ಲರೂ ಎದ್ದು ನಿಂತರು. ಇಬಿದುನ್‌ಗೆ ಮಾತ್ರ ತನ್ನ ಮೈಯಿಂದ ಏನೋ ಕಳಚಿ ಆ ಯಂತ್ರದೊಳಗೆ ಹೋಗಿ ಕೂತ ಹಾಗನ್ನಿಸಿತು.

ಮನೆಗೆ ಬಂದು ಮಗಳಿಗೆ ಏನೂ ಹೇಳಲಿಲ್ಲ. ಹೇಳಿದರೆ ಅದೂ ಒಂದು ಕರೆದಂತೆ ಎಂಬ ಭಯ. "ನೋಡು, ಇನ್ಮೇಲೆ ಹಿಂದಿನಿಂದ ಯಾರು ಕರೆದ್ರೂ ಓಗೊಡಬೇಡ. ತಿಳೀತಾ?" ಎಂದಷ್ಟೇ ಅಂದಳು.

"ನೀನು ಕರೆದ್ರೆ?"

"ನಾನು ಕರೆದ್ರೂನು."

ತಿನುವೊಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂದ್ಸಲ ಓಗೊಡದೆ ಇದ್ದಿದ್ದಕ್ಕೆ ಸೌಟಲ್ಲಿ ಹೊಡೆದಿದ್ದು ಯಾರು? ನನ್ನ ಬಾಯಿ ಈಗ ನನ್ನ ಮಾತು ಕೇಳಲ್ಲಮ್ಮ, ನಿನ್ನ ಮಾತೇ ಕೇಳೋದು. ನೀನು ಕರೆದ್ರೆ ಸತ್ತಿದ್ರೂ ಎದ್ದು 'ಮಾ' ಅನ್ನುತ್ತೆ."

"ಬಿಡ್ತು ಅನ್ನು!" ಇಬಿದುನ್ ಕಿರುಚಿದ್ದು ಕೇಳಿ ಮಗಳ ನಗು ಅಲ್ಲೇ ನಿಂತಿತು.

ಅಂದಿನಿಂದ ಇಬಿದುನ್ ಮಗಳನ್ನು ಕೂಗಿ ಕರೆಯುವುದನ್ನೇ ಬಿಟ್ಟಳು. ಏನು ಬೇಕಿದ್ದರೂ ಎದ್ದು ಹೋಗಿ, ಮುಂದೆ ನಿಂತು, ತೋಳು ಮುಟ್ಟಿ ಹೇಳುವಳು. ಒಲೆಯ ಮೇಲೆ ಮುದ್ದೆ ತಳ ಹಿಡಿದರೂ ಹೀಗೇ. "ಇಯಾ ತಿನು, ಗಂಟಲು ಅಡವಿಟ್ಟಿದ್ದೀರಾ?" ಎಂದು ಗಿರಾಕಿಗಳು ಕಿಚಾಯಿಸಿದರು.

ಒಂದು ಶುಕ್ರವಾರ. ನಮಾಜು ಮುಗಿಸಿ ಬಂದವರಿಂದ ಹೋಟೆಲು ತುಂಬಿ ಬೀದಿಗೆ ಚೆಲ್ಲಿತ್ತು. ಇಬಿದುನ್ ದೊಡ್ಡ ಪಾತ್ರೆಯ ಮುಂದೆ ಕಾಲು ಚಾಚಿ ಕೂತು ಮರದ ಕೋಲಿನಿಂದ ಮುದ್ದೆ ತಿರುವುತ್ತಿದ್ದಳು. ಏರಿನ ಕೆಳಗಿನಿಂದ ಡೋಲಿನ ಸದ್ದು ಬಂತು. ವ್ಯಾನೊಂದು ತಲೆಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ನಿಧಾನಕ್ಕೆ ಏರು ಹತ್ತುತ್ತಿತ್ತು. 'ನಿಮ್ಮ ಅಜ್ಜಿ ಓದಿ ಹೇಳಿದ ಕಾಡು, ಈಗ ನಿಮ್ಮ ಕಣ್ಣ ಮುಂದೆ! ಧೈರ್ಯ ಇದ್ದವರು ಬನ್ನಿ!' ಎಂದು ಗಂಡಸೊಬ್ಬ ಅರಚಿದ. ಡೋಲು ನಿಂತಿತು.

"ಅವೇರೋ..."

ಇಬಿದುನ್‌ಳ ಕೈಯ ಕೋಲು ನಿಂತಿತು. ಅವಳ ಬೆನ್ನ ಹಿಂದಿನಿಂದ, ಬೀದಿಯ ಕಡೆಯಿಂದ, ಅವಳದೇ ದನಿ. ಅಷ್ಟು ದೊಡ್ಡದು, ಅಷ್ಟು ಅಕ್ಕರೆಯದು. ಓಡಬೇಕು ಎನ್ನುವಷ್ಟರಲ್ಲಿ, ಕಾಲು ಮಡಿಸಿ ಏಳುವುದಕ್ಕೂ ಮುಂಚೆ, ಹಿತ್ತಲಿನಿಂದ ಎಂದಿನ ಹಾಗೆ, ಉಸಿರಾಡಲೂ ಬಿಡುವಿಲ್ಲದ ಹಾಗೆ, ಮಗಳ ದನಿ ಬಂತು.

"ಮಾ!"

ಪಾತ್ರೆ ಉರುಳಿತೋ ಏನೋ, ಯಾರೋ ಸುಟ್ಟುಕೊಂಡು ಬೊಬ್ಬೆ ಹೊಡೆದರೋ ಏನೋ, ಅವಳಿಗೆ ಗೊತ್ತಿಲ್ಲ. ಮುದ್ದೆ ಮೆತ್ತಿದ ಕೋಲು ಕೈಯಲ್ಲೇ ಇತ್ತು. ಹಿತ್ತಲಲ್ಲಿ ತಿನುವೊಲಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದು ಕೈ ಸೊಂಟಕ್ಕೆ ಕೊಟ್ಟು, ಬೀದಿಯ ಕಡೆಗೆ ಮುಖ ತಿರುಗಿಸಿ ನಿಂತಿದ್ದಳು. ಇಬಿದುನ್ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ನಾನೇ ಕರೆದದ್ದು! ನೋಡು, ನನ್ನ ಮುಖ ನೋಡು, ನಾನೇ ಕರೆದದ್ದು ಕಣೇ..."

"ಅವೇರೋ..."

ಮಗಳು ನೋಡುತ್ತಿದ್ದಳು. ಎದುರಿಗೆ ತಾಯಿ ನಿಂತಿದ್ದಾಳೆ, ತಾಯಿಯ ಬಾಯಿ ಮುಚ್ಚಿದೆ, ತಾಯಿಯ ದನಿ ಮಾತ್ರ ಆಚೆಯಿಂದ ಕರೆಯುತ್ತಿದೆ. ಅವಳ ಕಣ್ಣು ಅಗಲವಾದವು. ತುಟಿ ಮತ್ತೆ "ಮಾ" ಎನ್ನಲು ಸೇರುತ್ತಿದ್ದವು. ತಾಯಿ ಎರಡು ಕಡೆ ಇದ್ದರೆ ಯಾರಿಗೆ ಓಗೊಡುವುದು?

ತನ್ನ ತಾಯಿ ಮಾಡಿದ ಉಪಾಯ ಇಲ್ಲಿ ನಡೆಯುವುದಿಲ್ಲ ಎಂದು ಇಬಿದುನ್‌ಗೆ ಆ ಕ್ಷಣದಲ್ಲೇ ತಿಳಿಯಿತು. ಪುಸ್ತಕದ ಮೌನಕ್ಕೆ ಆ ಮಾತು ಸಾಕಾಗಿತ್ತು. ಇದು ಮೌನವಲ್ಲ. ಇದಕ್ಕೆ ದನಿಯಿದೆ, ಮುಖವಿಲ್ಲ. ವ್ಯಾನು ಹತ್ತಿರ ಬರುತ್ತಿತ್ತು. ಮತ್ತೆ ಗಂಡಸಿನ ಅರಚಾಟ, ಮತ್ತೆ ಡೋಲು, ಡೋಲು ಈಗ ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ...

ಡೋಲು ನಿಂತ ಕೂಡಲೇ ಇಬಿದುನ್ ಬಾಯಿ ತೆರೆದಳು. ಆ ದನಿ ಎಲ್ಲಿ ಏರುತ್ತದೆ, ಎಲ್ಲಿ ಎಳೆಯುತ್ತದೆ, ಎಲ್ಲಿ ಉಸಿರು ಬಿಡುತ್ತದೆ ಎಂಬುದು ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು! ಮಗಳ ಕಣ್ಣಲ್ಲಿ ಕಣ್ಣಿಟ್ಟು, ಕೂದಲೆಳೆಯಷ್ಟೂ ಹಿಂದುಮುಂದಾಗದಂತೆ, ವ್ಯಾನಿನ ದನಿಗೆ ತನ್ನ ತುಟಿ ಕಟ್ಟಿದಳು. "ಅವೇರೋ..." ಆಚೆಯದು, ಈಚೆಯದು ಎರಡೂ ಒಂದೇ ಆಯಿತು. ಎದುರಿಗಿರುವ ಬಾಯಿಂದಲೇ ಬಂದ ಹಾಗೆ ಬಂತು.

"ಮಾ," ಎಂದಳು ತಿನುವೊಲಾ ಮೆಲ್ಲಗೆ. ಈ ಸಲ ತಾಯಿಯ ಮುಖಕ್ಕೇ ಹೇಳಿದಳು.

ವ್ಯಾನು ಹೋಟೆಲಿನ ಮುಂದೆ ಬಂದಿತು, ನಿಂತಿತು, ಮಕ್ಕಳೆಲ್ಲ ಸುತ್ತುಗಟ್ಟಿದವು, ಮತ್ತೆ ಕರೆಯಿತು. ಇಬಿದುನ್ ಕೂಡಿಸಿದಳು. ಮತ್ತೆ. ಗಂಟಲು ಕಿತ್ತು ಬರುತ್ತಿತ್ತು, ಒಂದು ಸಲ ತಪ್ಪಿದರೂ ಆ ತಪ್ಪಿದ ಸಂದಿನಿಂದ ಅದು ಒಳಗೆ ಬರುತ್ತದೆ ಎಂಬಂತೆ ಮಗಳ ಗಲ್ಲ ಬಿಡದೆ ಕೂಡಿಸಿದಳು. ವ್ಯಾನು ಏರು ದಾಟಿ ಮೊಲೆತೆ ಕಡೆಗೆ ಇಳಿದು, ದನಿ ಸಣ್ಣದಾಗಿ, ಕೇಳಿತೋ ಕೇಳಲಿಲ್ಲವೋ ಎನ್ನುವಷ್ಟಾಗುವ ತನಕ ಆ ಹಿತ್ತಲಲ್ಲಿ ತಾಯಿ ಮಗಳನ್ನು ಕರೆಯುತ್ತಲೇ ಇದ್ದಳು, ಮಗಳು ಓಗೊಡುತ್ತಲೇ ಇದ್ದಳು. ಹೋಟೆಲಿನಿಂದ ಎದ್ದು ಬಂದ ಗಿರಾಕಿಗಳು ಕೈಯಲ್ಲಿ ಮುದ್ದೆ ಹಿಡಿದೇ ನಿಂತಿದ್ದರು.

ಎಲ್ಲ ಸುಮ್ಮನಾದ ಮೇಲೆ ತಿನುವೊಲಾ ಕಲ್ಲಿನ ಮೇಲೆ ಕುಸಿದು ಕೂತಳು.

"ಅಮ್ಮಾ, ಮೊದಲನೇ ಸಲ ಕರೆದದ್ದು ನೀನಾ?"

ಇಬಿದುನ್ ಅವಳ ಮುಖದ ಬೆವರು ಒರೆಸತೊಡಗಿದಳು.

"ಅಮ್ಮಾ, ಬೆಳಿಗ್ಗೆಯಿಂದ ಒದೀತಾ ಇತ್ತು. ಈಗ ಒದೀತಿಲ್ಲ."

ಲಮಿದಿ ಗ್ಯಾರೇಜಿಗೆ ರಿಪೇರಿಗೆ ಬಂದಿದ್ದ ಯಾರದೋ ಕಾರನ್ನೇ ತಂದು ನಿಲ್ಲಿಸಿದ. ಹೆರಿಗೆ ಆಸ್ಪತ್ರೆಯ ನರ್ಸು ಹೊಟ್ಟೆಗೆ ಕೊಳವೆ ಇಟ್ಟು ಕೇಳಿದಳು, ಜಾಗ ಬದಲಿಸಿ ಮತ್ತೆ ಕೇಳಿದಳು. ಅಷ್ಟು ಹೊತ್ತು ಇಬಿದುನ್ ಆ ನರ್ಸಿನ ತುಟಿಯನ್ನೇ ನೋಡುತ್ತ ನಿಂತಿದ್ದಳು.

"ಬಡೀತಿದೆ. ಏನೂ ಆಗಿಲ್ಲ, ಮಲಗಿದೆ ಅಷ್ಟೆ. ಅದೇನು ಕೈಯಲ್ಲಿ ಕೋಲು? ನನ್ನನ್ನ ಹೊಡೆಯೋಕೆ ತಂದ್ರಾ?" ಎಂದಳು ನರ್ಸು.

ಮುದ್ದೆ ಒಣಗಿ ಮೆತ್ತಿಕೊಂಡ ಕೋಲು ಇನ್ನೂ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಅವಳು ಕೊಲಾಪೊನ ಸ್ಟುಡಿಯೊಗೆ ಹೋದಳು.

"ನನ್ನ ದನಿ ತೆಗಿ."

"ಅಮ್ಮಾ, ಊರೆಲ್ಲ ಅದೇ ಮಾತು! ಬೆರೆ ಬಡಾವಣೆ ಪೇಟೆಯಲ್ಲಿ ಹೆಂಗಸರು ಕಿವಿ ಮುಚ್ಕೊಂಡು ಓಡಿದ್ರಂತೆ. ಇಂಥ ಹೆಸರು ಯಾವ ಸಿನಿಮಾಗೆ ಬಂದಿದೆ ಹೇಳಿ?"

"ಕೊಲಾಪೊ, ನಿಂಗೆ ಪುಸ್ತಕ ಓದಿ ಹೇಳಿದ್ದು ಯಾರು?"

"ಅಜ್ಜಿ."

"ಅದು ನನ್ನ ಹೆಸರು ಕರೆಯಿತು ಅಂತ ಬರುತ್ತಲ್ಲ, ಅಲ್ಲಿ ನಿಮ್ಮಜ್ಜಿ ಏನು ಮಾಡ್ತಿದ್ರು?"

"ಸುಮ್ಮನಾಗ್ತಿದ್ರು."

"ನಿಂಗೆ ಏನು ಕೇಳಿಸ್ತಿತ್ತು?"

ಅವನು ಯಂತ್ರದ ಗುಂಡಿಗಳ ಕಡೆಗೆ ಕಣ್ಣು ತಿರುಗಿಸಿದ.

"ಹಾಡು ಹಾಕಿದೆ, ಹಾಕ್ಕೋ. ಗಂಡನ್ನ ವಾಪಸ್ ತಂದೆ, ತಂದ್ಕೋ. ಲಮಿದಿ ಬೈದ್ರೆ ನಾನೇ ಸಮಾಧಾನ ಮಾಡ್ತೀನಿ. ಆದ್ರೆ ಅಜ್ಜಿ ಸುಮ್ಮನಾದ ಜಾಗದಲ್ಲಿ ನೀನೂ ಸುಮ್ಮನಾಗು. ಹುಡುಗಿ ಓಗೊಡೋದು ಮಾತ್ರ ಇರ್ಲಿ. ಕರೆದದ್ದು ಬೇಡ."

"ಕರೆಯೋದು ಕೇಳದೆ ಓಗೊಡೋದು ಮಾತ್ರ ಕೇಳಿದ್ರೆ ಜನ ನಗ್ತಾರಮ್ಮಾ."

"ಹಾಕಿ ನೋಡು."

ಅವಳನ್ನು ಸುಮ್ಮನಾಗಿಸಲಿಕ್ಕೆಂದೇ ಅವನು ಕರೆಯಿಲ್ಲದೆ ಆ ತುಣುಕು ಹಾಕಿದ. ಪರದೆಯ ಮೇಲೆ ಹುಡುಗಿ ಕಾಡಿನಲ್ಲಿ ನಡೆಯುತ್ತಿದ್ದಾಳೆ. ಹೆಜ್ಜೆ, ಒಣ ಎಲೆ, ದೂರದ ಹಕ್ಕಿ. ಹಕ್ಕಿ ನಿಂತಿತು. ಹೆಜ್ಜೆ ನಿಂತಿತು. ಕೋಣೆಯಲ್ಲಿ ಏನೂ ಇಲ್ಲ, ಏನೂ ಇಲ್ಲ. ಕೊಲಾಪೊ ಕುರ್ಚಿಯಲ್ಲಿ ಸರಕ್ಕನೆ ಹಿಂದಕ್ಕೆ ತಿರುಗಿದ.

"ಯಾರದು?"

ಹಿಂದೆ ಗೋಡೆಯಿತ್ತು.

"ಯಾರೂ ಇಲ್ಲ ಕಣಪ್ಪ," ಎಂದಳು ಇಬಿದುನ್. "ಓಗೊಡಲಿಲ್ಲ ತಾನೇ?"

ಇಲ್ಲ ಎಂದು ಅವನು ತಲೆಯಾಡಿಸಿದ. ಪರದೆಯ ಮೇಲೆ ಹುಡುಗಿ "ಮಾ!" ಎಂದಳು.

ಅವತ್ತೇ ದನಿ ತೆಗೆದರು, ವ್ಯಾನನ್ನೂ ನಿಲ್ಲಿಸಿದರು. ಆದರೆ ಅದು ಆಗಲೇ ಅರ್ಧ ಇಬಾದಾನ್ ಸುತ್ತಿ ಬಂದಿತ್ತು. ಅಗ್ಬೆನಿ ಸಂತೆಯಲ್ಲಿ ಒಬ್ಬಳು ಓಗೊಟ್ಟಳಂತೆ, ಓಜೆಯಲ್ಲಿ ಬಟ್ಟೆ ಮಾರುವವಳೊಬ್ಬಳು ಓಗೊಟ್ಟು ಮೂರ್ಛೆ ಹೋದಳಂತೆ ಎಂದು ಬೆಂಚಿನ ಮೇಲೆ ಅಂತೆಕಂತೆಗಳು ಬಂದು ಕೂತವು. ಪ್ರತಿಯೊಂದಕ್ಕೂ ಇಬಿದುನ್‌ಳ ಕೈ ತಡೆಯುವುದು. ಆ ಅವೇರೊಗಳಿಗೆಲ್ಲ ಮುಂದೆ ಬಂದು ಮುಖ ತೋರಿಸುವವರು ಯಾರಿದ್ದರು?

ತಿನುವೊಲಾ ಹೆತ್ತಳು. ಹೆಣ್ಣು. ಹುಟ್ಟಿದ ಕೂಡಲೇ ಅತ್ತ ಆ ಅಳುವಿನ ದನಿ ಎಷ್ಟು ದೊಡ್ಡದಿತ್ತೆಂದರೆ, "ಇದಕ್ಕೆ ಅಜ್ಜಿ ಗಂಟಲೇ ಬಂದಿದೆ" ಎಂದು ನರ್ಸು ನಕ್ಕಳು. ನಾಮಕರಣದ ದಿನ ಉಪ್ಪು, ಜೇನು, ಕೋಲಾಕಾಯಿ ಎಲ್ಲ ಇಟ್ಟು ನೆಂಟರಿಷ್ಟರು ಹತ್ತೆಂಟು ಹೆಸರಿಟ್ಟರು. ಮುದ್ದಿನ ಹೆಸರಿಡುವುದು ಅಜ್ಜಿಯ ಪಾಲಿಗಿತ್ತು. ಇಬಿದುನ್ ಕೂಸಿನ ಎದುರಿಗೆ ಕೂತು, ಮುಖಕ್ಕೆ ಮುಖ ತಂದು, ದನಿಯೇ ಇಲ್ಲದೆ ಬರೀ ತುಟಿಯಲ್ಲಿ ಹೇಳಿದಳು. ಆ ಹೆಸರು ಏನೆಂದು ತಿನುವೊಲಾಗೆ ಬಿಟ್ಟರೆ ಇಂದಿಗೂ ಯಾರಿಗೂ ಗೊತ್ತಿಲ್ಲ.

ಸಿನಿಮಾ ಬಂದಾಗ ಮಗಳೇ ಹಟ ಹಿಡಿದಳು. "ನಿನ್ನ ದನಿ ಇಲ್ವಲ್ಲಮ್ಮ ಈಗ. ಆ ಪುಸ್ತಕ ನನಗೂ ಪ್ರಾಣ. ಒಂದ್ಸಲ ನೋಡ್ಕೊಂಡು ಬರೋಣ." ಮಧ್ಯಾಹ್ನದ ಆಟ. ಮೊಕೊಲಾ ಗುಡ್ಡದ ಮೇಲಿನ ಸಭಾಂಗಣ ತುಂಬಿತ್ತು. ಕೂಸು ತಿನುವೊಲಾಳ ತೊಡೆಯ ಮೇಲೆ ಮಲಗಿತ್ತು. ಹೊಳೆಯ ಹಾಡಿಗೆ ಹುಡುಗರು ಶಿಳ್ಳೆ ಹೊಡೆದರು, ಹಿರಿಯರು ಲೊಚಗುಟ್ಟಿದರು. ಎರಡು ಸಾಲು ಮುಂದೆ ಕೂತಿದ್ದ ಲಮಿದಿ, "ಪುಸ್ತಕದಲ್ಲಿ ನಡೆದೂ ನಡೆದೂ ಅವಳ ಪಾದ ಸವೆದುಹೋಗುತ್ತೆ, ಇಲ್ಲಿ ತುಟಿ ಬಣ್ಣಾನೂ ಅಳಿಸಿಲ್ಲ!" ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. ನಗು ಎದ್ದಿತು.

ಆಮೇಲೆ ಹಕ್ಕಿ ನಿಂತಿತು. ಹೆಜ್ಜೆ ನಿಂತಿತು.

ಅಷ್ಟು ಜನರಿದ್ದ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ. ಆ ಮೌನದೊಳಗಿಂದ, ಎಂದೋ ತೀರಿಹೋದ ಇಬಿದುನ್‌ಳ ತಾಯಿ ಅವಳನ್ನು ಕರೆದಳು. ಅದೇ ಅಂಗಳದಿಂದ, ಅದೇ ಅಕ್ಕರೆಯಿಂದ, ಯಾರೂ ಈಗ ಕರೆಯದ ಹೆಸರು ಹಿಡಿದು. ಇಬಿದುನ್ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಪಕ್ಕದಲ್ಲಿ ತಿನುವೊಲಾಳ ಉಗುರು ಅವಳ ಮುಂಗೈಯಲ್ಲಿ ಇಳಿದಿತ್ತು. ಮಗಳು ಪರದೆ ನೋಡುತ್ತಿರಲಿಲ್ಲ, ತಾಯಿಯ ತುಟಿಯನ್ನು ನೋಡುತ್ತಿದ್ದಳು, ಅದು ಮುಚ್ಚಿದೆಯೇ ಎಂದು. ಪರದೆಯ ಹುಡುಗಿ ಓಗೊಡುವುದಕ್ಕೂ ಮೊದಲು ಹಿಂದಿನ ಸಾಲುಗಳಲ್ಲಿ ಎಲ್ಲೋ ಒಂದು ಮುದಿ ದನಿ, ಹಣ್ಣುಹಣ್ಣಾದ ದನಿ, ಮಗುವಿನ ಹಾಗೆ "ಮಾ!" ಎಂದಿತು.

ಯಾರೂ ನಗಲಿಲ್ಲ. ಯಾರೂ ತಿರುಗಿ ನೋಡಲಿಲ್ಲ.

ಆಟ ಬಿಟ್ಟಾಗ ಬಿಸಿಲು ಇಳಿಯುತ್ತಿತ್ತು. ಜನ ಸದ್ದಿಲ್ಲದೆ ಗುಡ್ಡ ಇಳಿದರು. ತಿನುವೊಲಾ ಬಗ್ಗಿ ಕೂಸನ್ನು ಬೆನ್ನಿಗೇರಿಸಿ, ಬಟ್ಟೆ ಸುತ್ತಿ ಬಿಗಿದು ಕಟ್ಟಿಕೊಂಡಳು. ತಾಯಿ ಮಗಳು ಅಕ್ಕಪಕ್ಕ ಇಳಿಯತೊಡಗಿದರು. ಸ್ವಲ್ಪ ದೂರ ಹೋಗಿರಬೇಕು, ಕೂಸು ಕಿಲಕಿಲ ನಕ್ಕಿತು.

ಇಬಿದುನ್ ಓರೆಗಣ್ಣಿನಿಂದ ನೋಡಿದಳು. ಕೂಸು ಬೆನ್ನ ಮೇಲಿಂದ ಕತ್ತು ಹೊರಳಿಸಿ, ಬಂದ ದಾರಿಯ ಕಡೆಗೆ ಮುಖ ಮಾಡಿತ್ತು. ಅಲ್ಲಿ ಯಾರನ್ನೋ ಕಂಡ ಹಾಗೆ ಅದರ ಕಣ್ಣು ಹೊಳೆಯುತ್ತಿತ್ತು, ಗುರುತಿನವರನ್ನು ಕಂಡ ಹಾಗೆ ಕೈ ಆಡಿಸುತ್ತಿತ್ತು.

"ಯಾರನ್ನ ನೋಡಿ ನಗ್ತಿದೆ ಅಮ್ಮಾ?" ತಿನುವೊಲಾಳ ಹೆಜ್ಜೆ ತಡೆಯಿತು.

"ನಿಲ್ಲಬೇಡ. ತಿರುಗಬೇಡ. ನಡಿ."

"ಹಿಂದೆ ಯಾರಾದ್ರೂ ಇದ್ದಾರಾ?"

ಇಬಿದುನ್ ಒಂದು ಹೆಜ್ಜೆ ನಿಧಾನ ಮಾಡಿದಳು. ಮಗಳು ಮುಂದಾದಳು. ಇನ್ನೂ ಒಂದು ಹೆಜ್ಜೆ ಬಿಟ್ಟು, ಸರಿದು, ಮಗಳ ಬೆನ್ನ ಹಿಂದೆ ಸರಿಯಾಗಿ ಬಂದು, ಕೂಸಿನ ನೋಟಕ್ಕೂ ದಾರಿಗೂ ನಡುವೆ ತನ್ನ ಮುಖವನ್ನು ಹಿಡಿದಳು. ಕೂಸಿನ ಕಣ್ಣು ಅತ್ತಿತ್ತ ಅಲೆದು, ಕೊನೆಗೆ ಅಜ್ಜಿಯ ಮೇಲೆ ನಿಂತಿತು.

"ಇದ್ದೀನಲ್ಲ, ನಾನು ಇದ್ದೀನಿ," ಎಂದಳು ಇಬಿದುನ್. "ನಡಿ."

ತಿನುವೊಲಾ ನಡೆದಳು. ಕೂಸು ಅಜ್ಜಿಯನ್ನು ನೋಡಿ ನಗುತ್ತಿತ್ತು. ಇಬಿದುನ್ ಆ ಪುಟ್ಟ ಮುಖದಿಂದ ಕಣ್ಣು ಕೀಳದೆ, ತುಟಿ ಬಿಗಿದು, ಕಾಯುವವರಿಲ್ಲದೆ ಬರಿದಾದ ತನ್ನ ಬೆನ್ನನ್ನು ಹೊತ್ತುಕೊಂಡು ಗುಡ್ಡ ಇಳಿದಳು. ಹಿಂದಿನಿಂದ ಅವಳ ತಾಯಿ ಮತ್ತೆ ಕರೆಯುತ್ತಿದ್ದಳು.